ಶಬ್ದಗಳ ನೆಂಟಸ್ತಿಕೆ

ಅಪ್ಪ ಪೆರ್ಲದ ಹತ್ತಿರದ ಎಲಿಮೆಂಟರಿ ಶಾಲೆಯಲ್ಲಿ ಮಾಸ್ತರರು. ಇಂಗ್ಲಿಷಿನ ಮೇಲೆ ಅವರಿಗಿದ್ದ ಭಕ್ತಿ ಮನೆದೇವರ ಮೇಲೂ ಇರಲಿಲ್ಲ. ಆ ಭಾಷೆ ಬಲ್ಲವರು ಸುತ್ತಮುತ್ತ ಯಾರೂ ಇಲ್ಲದ ಕಾರಣ ಅವರ ಇಂಗ್ಲಿಷನ್ನು ತಪ್ಪೆನ್ನುವವರೂ ಇರಲಿಲ್ಲ. ಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ಆದರೂ ಸಂಜೆ ಒಂದು ಗಂಟೆ ಇಂಗ್ಲಿಷಿಗಾಗಿ ದೀಪ ಉರಿಯಲೇಬೇಕಿತ್ತು.

ನನ್ನ ಶಾಲೆ ಎಂಟನೇ ತರಗತಿಗೆ ಮುಗಿದಿತ್ತು. ಹೈಸ್ಕೂಲು ದೂರ, ಹೆಣ್ಣುಮಕ್ಕಳಿಗೆ ಇನ್ನೂ ದೂರ. ನನಗೆಂದು ಉಳಿದದ್ದು ಸಂಜೆಯ ಆ ಪಾಠ ಒಂದೇ. ಅದಕ್ಕಾಗಿ ಹಗಲಿಡೀ ಕಾಯುತ್ತಿದ್ದೆ.

ಅಪ್ಪನ ಪ್ರಕಾರ ಶಬ್ದ ಒಂಟಿಯಾಗಿ ಬರಬಾರದು, ಕುಟುಂಬ ಸಮೇತ ಬರಬೇಕು. ಬ್ರೇವ್ ಬಂದರೆ ಜೊತೆಗೆ ಬ್ರೇವ್ಲಿ, ಬ್ರೇವರಿ; ಹಿಂದಿನಿಂದ ಕರೇಜಸ್, ವೇಲಿಯಂಟ್ ಎಂಬ ನೆಂಟರು. ಹೇಳಿ ಮುಗಿಸಿದವರು ಎದುರಿನವರಿಗೆ ಒಂದು ಶಬ್ದ ಕೊಡಬೇಕು, ಅದು ನಮ್ಮ ಮನೆಯ ನಿಯಮ. ನಾನು ಕೊಟ್ಟ ಶಬ್ದಕ್ಕೆ ತಾವೇ ತಡವರಿಸಿದಾಗೆಲ್ಲ ಅಪ್ಪನಿಗೆ ಕೆಮ್ಮು ಬರುತ್ತಿತ್ತು. ಅಮ್ಮ ಒಳಗಿನಿಂದ, "ಅನ್ನಕ್ಕೆ ನಾಲ್ಕು ಹೆಸರು ಇಟ್ರೆ ನಾಲ್ಕು ಜನ ಹೆಚ್ಚು ಉಣ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದಳು.

ನನಗೆ ಹದಿನಾರು ತುಂಬಿದ ಬೇಸಗೆಯಲ್ಲಿ ಪುತ್ತಿಗೆ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ಹುಡುಗ ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿದ್ದ. ಪಾಸಾಗಿದ್ದಾನೋ ಎಂದು ಯಾರೂ ಕೇಳಲಿಲ್ಲ. ಆ ಸೆಕೆಯಲ್ಲೂ ಕೋಟು ಬಿಚ್ಚದೆ ಕುಳಿತದ್ದೇ ಅವನ ವಿದ್ಯೆಗೆ ಸಾಕ್ಷಿಯಾಗಿತ್ತು.

"ಹುಡುಗಿಗೆ ಹಾಡ್ಲಿಕ್ಕೆ ಬರ್ತದಾ?" ಎಂದರು ಸೋದರಮಾವ.

ಅಪ್ಪನಿಗೆ ಜಂಬ ತಡೆಯಲಾಗಲಿಲ್ಲ. "ಹಾಡು ಎಂತದು! ಇಂಗ್ಲಿಷ್ ಉಂಟು. ಕೇಳಿ ನೋಡಿ."

ಹುಡುಗ ಗಂಟಲು ಸರಿಮಾಡಿಕೊಂಡು, "ಒಬೀಡಿಯೆಂಟ್," ಎಂದ. ವಿಧೇಯಳು. ಹೆಂಡತಿಯಾಗುವವಳಿಗೆ ಕೇಳಲು ಇಡೀ ಡಿಕ್ಷನರಿಯಲ್ಲಿ ಮಹಾಶಯನಿಗೆ ಬೇರೆ ಶಬ್ದ ಸಿಕ್ಕಲಿಲ್ಲ. ನಾನು ತಲೆ ತಗ್ಗಿಸಿಕೊಂಡೇ ಒಬೇ, ಒಬೀಡಿಯೆನ್ಸ್, ಒಬೀಡಿಯೆಂಟ್ಲಿ ಎಂದು ಹೇಳಿ, ಡ್ಯೂಟಿಫುಲ್, ಡೊಸೈಲ್, ಸಬ್‌ಮಿಸಿವ್ ಎಂಬ ನೆಂಟರನ್ನೂ ಕರೆದೆ. ಒಂದಕ್ಷರ ಅರ್ಥವಾಗದಿದ್ದರೂ ಹುಡುಗನ ತಾಯಿಯ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ಆ ವರ್ಷವೇ ನನ್ನ ಮದುವೆಯಾಗುತ್ತಿತ್ತು.

ಅಭ್ಯಾಸಬಲ. ಹೇಳಿ ಮುಗಿದದ್ದೇ ತಲೆ ಎತ್ತಿ, "ಈಗ ನೀವು. ಸ್ಟಬರ್ನ್," ಎಂದೆ.

ಹಠಮಾರಿ ಎನ್ನುವ ಆ ಶಬ್ದಕ್ಕೆ ನನ್ನ ಹತ್ತಿರ ಬೇಕಾದಷ್ಟು ನೆಂಟರಿದ್ದರು, ಹುಡುಗನ ಹತ್ತಿರ ಒಬ್ಬನೂ ಇರಲಿಲ್ಲ. ಅವನು ಮಾವನ ಮುಖ ನೋಡಿದ, ಮಾವ ಎದುರಿನ ಅವಲಕ್ಕಿ ನೋಡಿದರು. ಅಪ್ಪನಿಗೆ ಈ ಸಲ ನಿಜವಾಗಿಯೇ ಕೆಮ್ಮು ಬಂತು. ಹುಡುಗನನ್ನು ನೋಡಿ ಪಾಪ ಎನಿಸಿ, "ಆಬ್ಸ್ಟಿನೇಟ್ ಗೊತ್ತಿಲ್ವಾ?" ಎಂದೆ. ಅದರಿಂದ ಅವನಿಗೆ ಉಪಕಾರವೇನೂ ಆಗಲಿಲ್ಲ.

ಅಂಗಳಕ್ಕೆ ಇಳಿಯುವಾಗ ಸೋದರಮಾವ ಅಪ್ಪನಿಗೆ ಹೇಳಿದರು: "ನೋಡ್ಲಿಕ್ಕೆ ಬಂದದ್ದು ನಾವು ಮಾಸ್ಟ್ರೇ. ಪರೀಕ್ಷೆ ಮಾಡಿದ್ದು ನಿಮ್ಮ ಹುಡುಗಿ."

ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಸಂಜೆ ಪುಸ್ತಕ ಹಿಡಿದು ಬಂದರೆ ದೀಪದ ಎದುರು ನನ್ನ ಜಾಗದಲ್ಲಿ ತಮ್ಮ ಕೂತಿದ್ದ.

"ನಿನಗೆ ಕಲಿತದ್ದು ಸಾಕು ಮಗಳೇ. ಒಳಗೆ ಅಮ್ಮನಿಗೆ ಕೆಲಸ ಉಂಟು," ಎಂದರು ಅಪ್ಪ.

ಸಿಟ್ಟಿನಿಂದ ಕಣ್ಣು ಉರಿಯಿತು. ಕಲಿಸಿದವರೇ ಕಲಿತದ್ದಕ್ಕೆ ಶಿಕ್ಷೆ ಕೊಟ್ಟರೆ ದೂರು ಹೇಳುವುದು ಯಾರಲ್ಲಿ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಒಳಗೆ ಹೋಗಿ ತೆಂಗಿನಕಾಯಿ ತುರಿಯುತ್ತ ಕೂತೆ.

ಹೊರಗೆ ಅಪ್ಪ, "ರಿಫ್ಯೂಸ್," ಎಂದರು. ತಮ್ಮ ಅದನ್ನೇ ಎರಡು ಸಲ ಹೇಳಿದ. ನಾನು ತುರಿಯುವುದನ್ನು ನಿಲ್ಲಿಸದೆ, ರಿಫ್ಯೂಸಲ್, ಡಿಕ್ಲೈನ್, ರಿಜೆಕ್ಟ್ ಎಂದು ಒಳಗಿನಿಂದಲೇ ಕಿರುಚಿದೆ. ಅಮ್ಮ ಬಾಯಿಗೆ ಸೆರಗು ಹಿಡಿದಳು.

ಆಮೇಲೆ ಅಪ್ಪ ಮುಂದಿನ ಶಬ್ದವನ್ನು ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಪಕ್ಕದಲ್ಲೇ ಕೂತಿದ್ದ ತಮ್ಮನ ಕಿವಿ ಸರಿಯಾಗಿಯೇ ಇತ್ತು.