ಎಲ್ರೂ ಒಳಗವ್ರಾ?

ಹೆತ್ತೂರಿನ ಕಡೆಯ ಆ ಬೀದಿಯಲ್ಲಿ ಸಾಮಾನು ಇಳಿಸಿದ ಸಂಜೆ, ಪಕ್ಕದ ಮನೆಯ ಪುಟ್ಟಕ್ಕ ನನ್ನ ಹೆಸರನ್ನೂ ಕೇಳಲಿಲ್ಲ. "ಮನೇಲಿ ಎಷ್ಟು ಜನ? ಕತ್ಲಾಗೋಕೆ ಮುಂಚೆ ಒಳಗೆ ಸೇರ್ಕೊಳ್ತೀರಾ?" ಎಂದರು. ಬಾಡಿಗೆ ಮನೆಗೆ ಬಂದೆನೋ ಹಾಸ್ಟೆಲಿಗೆ ಸೇರಿದೆನೋ ಎಂದು ನನಗೆ ಸಿಟ್ಟೇ ಬಂತು.

ನಾನು ಲಿಂಗಸುಗೂರಿನವಳು, ಅಲ್ಲಿಗೆ ನರ್ಸಾಗಿ ಹೋದವಳು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆಯೇ ಜನ ಕಟ್ಟೆಗೆ ಬಂದು ಕೂರುವುದು. ಅಲ್ಲಿ ಆ ಹೊತ್ತಿಗೆ ಬಾಗಿಲು ಹಾಕಿ, ಮೇಲಿನ ಮನೆಯವರು ಪಕ್ಕದವರಿಗೆ, ಅವರು ಮುಂದಿನವರಿಗೆ ಫೋನು ಮಾಡುತ್ತಾರೆ: "ಎಲ್ರೂ ಒಳಗವ್ರಾ?" ಕಾಫಿ ತೋಟದಿಂದ ಆನೆಗಳು ಇಳಿಯುವುದು ಆ ಬೀದಿಗೇ.

ಆದರೆ ಆ ಕೇಳಿಕೆ ಪುಟ್ಟಕ್ಕನ ಮನೆಯಲ್ಲಿ ನಿಂತುಬಿಡುತ್ತಿತ್ತಂತೆ. ಮುಂದಿನದು ಖಾಲಿ ಮನೆ, ಅದರಾಚೆ ಮಂಜಣ್ಣನದು. ಚರಂಡಿ ನೀರಿನ ಜಗಳವಾಗಿ ಎರಡೂ ಮನೆಗೆ ಮಾತಿರಲಿಲ್ಲ. ಆ ಖಾಲಿ ಮನೆಗೇ ನಾನು ಹೋದದ್ದು. ಊರಿಗೆ ಹೊಸಬಳು, ಇಬ್ಬರ ನಡುವಿನ ಸೇತುವೆ!

ಒಂದು ಸಂಜೆ ಪುಟ್ಟಕ್ಕನ ಗಂಡ ಹಾಲು ಹಾಕಲು ಡೇರಿಗೆ ಹೋದವರು ಬಂದಿರಲಿಲ್ಲ, ಫೋನೂ ಮನೆಯಲ್ಲೇ ಬಿಟ್ಟಿದ್ದರು. ಹಿತ್ತಲಲ್ಲಿ ಬಾಳೆ ಮುರಿಯುವ ಸದ್ದು. ನಾನು ಮಂಜಣ್ಣನಿಗೆ ಫೋನು ಮಾಡಿ ಹೇಳಿದೆ. ಚೂರು ಹೊತ್ತಿಗೆ ಅವರೇ ತಿರುಗಿ ಮಾಡಿದರು.

"ಡೇರಿಯೋರಿಗೆ ಹೇಳ್ಬುಟ್ಟೆ ಕಣಮ್ಮ, ಅವನ್ನ ಅಲ್ಲೇ ಕೂರಿಸ್ಕೊಂಡವ್ರೆ. ಒಂಟಿ ಸಲಗ ನಮ್ಮ ಗೇಟಲ್ಲೇ ಐತೆ. ಲೈಟ್ ಆರ್ಸು."

ಕತ್ತಲಲ್ಲಿ ಗೋಡೆಗೆ ಒರಗಿ ಕೂತೆ. ಗೋಡೆಯಾಚೆಗೇ ಅದರ ಉಸಿರು ಕೇಳುತ್ತಿತ್ತು. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಮರುದಿನ ಗಂಡ ಮನೆ ಸೇರಿದ ಮೇಲೆ ಪುಟ್ಟಕ್ಕ ಬಂದು, "ಮಂಜಣ್ಣನ ನಂಬರ್ ಕೊಡು. ನೀ ಯಾವಾಗ್ಲೂ ಇರ್ತೀಯಾ?" ಎಂದರು. ಆವತ್ತಿನಿಂದ ಎರಡು ಮನೆಗೂ ನೇರ ಮಾತು. ನನಗೆ ಖುಷಿಯಾಯಿತು, ಒಳಗೊಳಗೇ ಚೂರು ಹೊಟ್ಟೆಕಿಚ್ಚೂ ಆಯಿತು.

ಈಗ ರಜೆಗೆಂದು ಲಿಂಗಸುಗೂರಿಗೆ ಬಂದಿದ್ದೇನೆ. ಹೊತ್ತು ಮುಳುಗಿದರೆ ಮೈಯೆಲ್ಲ ಕಿವಿಯಾಗುತ್ತದೆ. "ಯಾಕವ್ವ, ಯಾರನ್ನ ಕಾಯಾಕತ್ತಿ? ಕೂಡು ಬಾ," ಎಂದು ಅವ್ವ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. ಕೂರುವಷ್ಟರಲ್ಲಿ ಪುಟ್ಟಕ್ಕನ ಫೋನು.

"ಮಂಜಣ್ಣ ಎತ್ತುತಾ ಇಲ್ಲ ಕಣಮ್ಮ. ಅವ್ರ ಮನೇಲಿ ದೀಪಾನೂ ಇಲ್ಲ. ಆನೆ ಕೆಳಗಿಳಿದೈತೆ ಅಂತಾವ್ರೆ. ನೀನೊಂದ್ಸಲ ಮಾಡಿ ನೋಡು."

ಮಾಡಿದೆ. ಸುತ್ತ ನಮ್ಮ ಓಣಿಯವರು ಏನಕ್ಕೋ ನಗುತ್ತಿದ್ದರು. ಮಂಜಣ್ಣನ ಫೋನು ಹೊಡೆದುಕೊಳ್ಳುತ್ತಲೇ ಇತ್ತು.