ಗಂಗವ್ವನ ಹೆಬ್ಬೆರಳು

ಎಪ್ಪತ್ತರ ದಶಕದ ಮಾತು. ಆಗ ನಾನು ಹಿರೇಕೆರೂರಿನಲ್ಲಿ ಕೃಷಿ ಸಹಾಯಕ. ನಮಗೆ ಟ್ರ್ಯಾಕ್ಟರ್ ಮಾರುತ್ತಿದ್ದ ರಷ್ಯಾದಿಂದ, ನಮ್ಮ ಹೈಬ್ರಿಡ್ ಹತ್ತಿಬೀಜ ಕೊಳ್ಳಬಹುದೇ ಎಂದು ನೋಡಲು ಒಬ್ಬ ಸಾಹೇಬರು ಬಂದರು. ಹೈಬ್ರಿಡ್ ಬೀಜ ಬೇಕೆಂದರೆ ಒಂದು ತಳಿಯ ಹೂವಿನ ಗಂಡುಭಾಗ ತೆಗೆದು, ಇನ್ನೊಂದು ತಳಿಯ ಪರಾಗ ಸವರಬೇಕು. ಹೊಲಕ್ಕೆ ಕಾಲಿಟ್ಟವರೇ ದುಭಾಷಿಯ ಮೂಲಕ ಕೇಳಿದರು: "ಹೂವಿನ ಗಂಡುಭಾಗ ತೆಗೆಯುವ ಯಂತ್ರ ಎಲ್ಲಿ?"

ಅಂಥ ಯಂತ್ರ ನಮ್ಮಲ್ಲಿರಲಿಲ್ಲ; ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಕೂಲಿಗೆ ಬಂದಿದ್ದ ಗಂಗವ್ವ ತಗ್ಗಿಸಲಿಲ್ಲ.

"ಯಂತ್ರ ಯಾಕ ಬೇಕ್ರಿ? ಇದ ಐತೆಲ್ಲ," ಎಂದು ಹೆಬ್ಬೆರಳು ಎತ್ತಿದಳು. ನಾಳೆ ಅರಳುವ ಮೊಗ್ಗು ಹಿಡಿದು, ಉಗುರಿನಿಂದ ಸುತ್ತಲೂ ಗೀರಿ ಎಳೆದಳು. ಗಂಡುಭಾಗವೆಲ್ಲ ಟೊಪ್ಪಿಗೆಯಂತೆ ಕಳಚಿ ಬಂತು. ನಡುವಿನ ಹೆಣ್ಣುಭಾಗದ ಎಳೆ ಮಾತ್ರ ನೆಟ್ಟಗೆ ನಿಂತಿತ್ತು.

ಸಾಹೇಬರೂ ಕೈ ಹಾಕಿದರು. ಮೂರು ಮೊಗ್ಗು ಮುರಿದವು. ನಾಲ್ಕನೆಯದಕ್ಕೆ ಗಂಗವ್ವ ಅಡ್ಡ ಬಂದಳು. "ಸಾಕ ಬಿಡ್ರಿ ಸಾಹೇಬ್ರ, ಬೆಳಿ ಹಾಳಾಗ್ತೈತಿ. ನಿಮಗೆಷ್ಟ ಬೇಕ ಹೇಳ್ರಿ, ನಾವ ಮಾಡಿ ಕೊಡ್ತೇವಿ."

ಅವರು ನಕ್ಕು, ಬೀಜ ಕೊಳ್ಳಲು ಅಲ್ಲೇ ಒಪ್ಪಿದರು.

ಒಪ್ಪದೇ ಇದ್ದದ್ದು ನಮ್ಮ ಮೇಲಿನ ಕಚೇರಿ. ಬಳಸಿದ ಯಂತ್ರ ಯಾವುದು, ಯಾವ ದೇಶದಿಂದ ತರಿಸಿದ್ದು ಎಂದು ಕೇಳಿ ಒಂದು ಫಾರ್ಮ್ ಕಳಿಸಿತು. ನಾನು ತಲೆ ಎತ್ತಿಕೊಂಡೇ ತುಂಬಿದೆ: ಗಂಗವ್ವನ ಹೆಬ್ಬೆರಳು. ತಿಳವಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದದ್ದು.