ಆ ಸಂಜೆಯ ಸದ್ದು

ನಾನು ಹೇಳಹೊರಟಿರುವುದು ಹೀಗೆಯೇ ನಡೆಯಿತೇ ಎಂದು ಕೇಳಿದರೆ, ಗೆಳೆಯರೇ, ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಕಣ್ಣಾರೆ ಕಂಡೆನೆನ್ನುವವರನ್ನು ಅನುಮಾನಿಸುವುದನ್ನೇ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ನೆನಪಿಗೆ ಮಾತ್ರ ರಿಯಾಯಿತಿ ಏಕೆ? ಖಚಿತವಾಗಿ ಇರುವುದು ಒಂದು ಚಂದ್ರಿಕೆ, ರೇಷ್ಮೆಹುಳು ಗೂಡು ಕಟ್ಟುವ ಸುರುಳಿಸುರುಳಿಯಾದ ಬಿದಿರಿನ ತಟ್ಟಿ. ಕನಕಪುರದಾಚೆಯ ನಮ್ಮೂರಿನಲ್ಲಿ, ಚಿಕ್ಕಮ್ಮನ ನಡುಮನೆಯಲ್ಲಿ, ಅದು ವರ್ಷಾನುಗಟ್ಟಲೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ನಾನು ಹುಡುಗನಾಗಿದ್ದಾಗ, ರೇಷ್ಮೆ ಊರಿನ ಕೈಹಿಡಿದಿದ್ದ ಕಾಲವೊಂದಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆಯಾಗಿದ್ದವು. ಹುಳುಗಳಿಗೆ ಮನೆ ಬಿಟ್ಟುಕೊಟ್ಟು ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದರು. ಊರ ಹಿಂದಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿ. ಚಿಕ್ಕಪ್ಪ ಅಲ್ಲಿ ಬಂಡೆಗೆ ಕುಳಿ ಹೊಡೆದು ಸಿಡಿಮದ್ದು ತುಂಬುತ್ತಿದ್ದರು. ನೂಲುವ ಹುಳು ಸದ್ದಿಗೆ ಬೆದರಿ ಎಳೆ ಕಡಿದುಕೊಳ್ಳುತ್ತದೆಂದು ಎಲ್ಲರೂ ನಂಬಿದ್ದರಿಂದ, ಯಾರ ಮನೆಯಲ್ಲಾದರೂ ಹುಳು ಚಂದ್ರಿಕೆ ಏರಿದ ಸಂಜೆ ಕ್ವಾರಿಯವರು ಬಂಡೆ ಸಿಡಿಸುತ್ತಿರಲಿಲ್ಲ. ಹೆಂಗಸರ ಒಂದು ಮಾತಿಗೆ ಗುಡ್ಡವೇ ಸುಮ್ಮನಾಗುತ್ತಿತ್ತು. ಅಂಥದೊಂದು ಸಂಜೆ ಚಿಕ್ಕಮ್ಮ ಬೇಡವೆಂದರು. ಮದ್ದು ತುಂಬಿದ್ದ ಬಂಡೆ ಹಾಗೇ ಉಳಿಯಿತು; ಬೆಳಗ್ಗೆ ಚಿಕ್ಕಪ್ಪ ಹತ್ತಿರ ಹೋದಾಗ ಸಿಡಿಯಿತು. ಇದು ಚಿಕ್ಕಮ್ಮ ಹೇಳುವ ಕಥೆ. ಮತ್ತೆ ಅವರು ಹುಳು ಸಾಕಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮಾಗಡಿ ಕಡೆಯ ಸಾವನದುರ್ಗವನ್ನೂ ರಾಮನಗರದ ಬೆಟ್ಟಗಳನ್ನೂ ತೋರಿಸಿದೆ. ಹಿಂತಿರುಗುವಾಗ ಅವರೇ ಕ್ವಾರಿ ನೋಡೋಣವೆಂದರು. ಅದು ನಿಂತುಹೋಗಿ ಎಷ್ಟೋ ಕಾಲವಾಗಿದೆ. ಗುಡ್ಡವಿದ್ದಲ್ಲಿ ಹಸಿರು ನೀರಿನ ಮಡು. ಕೊಯ್ದ ಬಂಡೆಯ ಗೋಡೆ ಅದರೊಳಗೆ ತಲೆಕೆಳಗಾಗಿ ನಿಂತಿತ್ತು. ಚೆಲುವಾಗಿತ್ತು, ಅದೇ ಸಂಕಟ. ನೋಡಲು ಬಂದಿದ್ದ ಹುಡುಗಿಯೊಬ್ಬಳು ಫೋನ್ ಎತ್ತಿ, “ಅಜ್ಜಿ, ಒಸಿ ಆ ಕಡೆ ನಿಂತ್ಕಳಿ, ಫೋಟೋಗೆ ಅಡ್ಡ ಬತ್ತೀರಿ” ಎಂದಳು.

“ಯಾಕವ್ವ, ನನ್ ಮುಖ ಕಂಡ್ರೆ ನಿನ್ ಫೋನ್ ಒಡ್ದೋಯ್ತದಾ?” ಚಿಕ್ಕಮ್ಮನ ಮಾತಿಗೆ ಎಲ್ಲರೂ ನಕ್ಕರು. ಅವರು ಮಾತ್ರ ನೀರನ್ನೇ ನೋಡುತ್ತ, “ಅವತ್ತು ನಾನು ಬಾಯ್ ಮುಚ್ಕೊಂಡಿದ್ರೆ ನಿಮ್ ಚಿಕ್ಕಪ್ಪ ಇರ್ತಿದ್ರು ಕಣಪ್ಪ. ಹುಳ ಉಳಿಸ್ಕಂಡೆ, ಗಂಡನ್ನ ಕಳ್ಕಂಡೆ” ಎಂದರು.

“ಇಲ್ಲ ಚಿಕ್ಕಮ್ಮ. ಆ ಸಂಜೆ ಬಂಡೆ ಸಿಡಿದದ್ದು ನನಗೆ ಕೇಳಿಸಿತ್ತು. ಅಟ್ಟದ ಪಾತ್ರೆಗಳು ಅದುರಿದ್ದವು. ಹುಳು ಏರಿಸುವ ಗಡಿಬಿಡಿಯಲ್ಲಿ ನೀವು ಗಮನಿಸಿರಲಿಕ್ಕಿಲ್ಲ. ನೀವು ತಡೆದದ್ದು ಕ್ವಾರಿಯವರ ಕಿವಿಗೆ ಬಿದ್ದೇ ಇಲ್ಲ. ಬೆಳಗ್ಗೆ ಸಿಡಿದದ್ದು ಬೇರೆ ಬಂಡೆ.”

ಅವರು ನನ್ನ ಮುಂಗೈ ಹಿಡಿದರು. “ನಿಜವೇನ್ಲಾ ಮಗ? ನೀನು ದೇವ್ರನ್ನೂ ನಂಬೋನಲ್ಲ. ನೀನೇ ಹಿಂಗಂತೀಯಾ ಅಂದ್ಮೇಲೆ...”

ಆ ಸದ್ದು ನನ್ನೊಳಗೆ ಮೊದಲೇ ಇತ್ತೋ, ಹೇಳುವಾಗ ಹುಟ್ಟಿತೋ? ಹೇಳಿದ ಮೇಲಂತೂ ಪಾತ್ರೆಗಳ ಅದುರು ನನಗೆ ಸ್ಪಷ್ಟವಾಗಿ ಕೇಳಿಸತೊಡಗಿತು. ಮರುಕಳಿಸುವ ನೋವಿಗೆ ಮನಸ್ಸು ತಾನೇ ಔಷಧಿ ಅರೆದುಕೊಳ್ಳುತ್ತದೆ. ಆದರೆ ಅರೆದದ್ದು ಯಾವ ಬೇರು ಎಂದು ಹೇಳುವುದಿಲ್ಲ.

ಮುಂದಿನ ಸಲ ಹೋದಾಗ ಚಂದ್ರಿಕೆ ಅಂಗಳದಲ್ಲಿತ್ತು, ತೊಳೆದು ಬಿಸಿಲಿಗೆ ಮುಖ ಮಾಡಿ. ಪಕ್ಕದ ಮನೆಯವರ ಹುಳು ಹಣ್ಣಾಗಿ ನೂಲಲು ಸಿದ್ಧವಾಗುತ್ತಿವೆಯೆಂದೂ ಅವನ್ನು ಚಂದ್ರಿಕೆಗೆ ಏರಿಸಲು ತಾನೂ ಹೋಗುವೆನೆಂದೂ ಹೇಳಿ ಚಿಕ್ಕಮ್ಮ ನನಗೆ ಮುದ್ದೆ ಬಡಿಸಿದರು. ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಾಗಲಿಲ್ಲ, ಚನ್ನಪಟ್ಟಣದಲ್ಲಿ ಮಗಳ ಮನೆಯಲ್ಲಿರುವ, ಚಿಕ್ಕಪ್ಪನ ಜೊತೆ ಕುಳಿ ಹೊಡೆಯುತ್ತಿದ್ದ ಮುದುಕರೊಬ್ಬರನ್ನು ಹುಡುಕಿಕೊಂಡು ಹೋದೆ.

“ಆ ಸಂಜೆ ಎಲ್ಲಿ ಸಿಡಿಸ್ದೋ? ನಿಮ್ ಚಿಕ್ಕಮ್ಮ ಬ್ಯಾಡ ಅಂದಿದ್ರಲ್ಲ. ಎಲ್ರೂ ನಿಮ್ಮನೆ ಜಗಲಿ ಮ್ಯಾಲೆ ಕುಂತು ಉಂಡೋ.”

ಒಬ್ಬರ ನೆನಪನ್ನು ನಂಬುವವನಲ್ಲ ನಾನು. ಅಂದು ಅಲ್ಲಿದ್ದ ಇನ್ನಿಬ್ಬರನ್ನು ಬೇರೆಬೇರೆಯಾಗಿ ಕಂಡು ಕೇಳಿದೆ. ಚಿಕ್ಕಮ್ಮನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಆ ಸಂಜೆ ಗುಡ್ಡದಲ್ಲಿ ಯಾವ ಸದ್ದೂ ಆಗಿರಲಿಲ್ಲ.